ದೃಷ್ಟಿಬೊಟ್ಟು

ಬಣ್ಣ ಒಣಗುತ್ತಲೇ ಚಿತ್ರಗಳು ಗೋಡೆಯಿಂದ ಇಳಿಯುವುದು ಎಲ್ಲ ಊರಲ್ಲೂ ಇದ್ದದ್ದೇ. ಹೊಸ ಪ್ರಾಥಮಿಕ ಶಾಲೆಯವರು ಮಕ್ಕಳ ಜೊತೆ ಗೋಡೆಗೆ ಚಿತ್ರ ಬರೆಯಲು ನನ್ನನ್ನು ಕರೆಸಿದ್ದರು. ಒಂದನೇ ತರಗತಿಯ ಇಂಚರ ಬರೆದ ಮೂರು ಕಾಲಿನ ನಾಯಿ ಕುಂಟುತ್ತ ಇಳಿದು ಬಿಸಿಯೂಟದ ಸಾಲಿಗೆ ನುಗ್ಗಿತು. ಒಂದೊಂದು ಗರಿಯನ್ನೂ ತಿದ್ದಿ ಬರೆದ ನನ್ನ ನವಿಲು ಯಾವಾಗಲೋ ಒಣಗಿದ್ದರೂ ಗೋಡೆಗೇ ಅಂಟಿಕೊಂಡಿತ್ತು. ನನಗೆ ಹೊಟ್ಟೆ ಉರಿಯಿತು.

“ನಾಯಿಗೆ ಎಷ್ಟು ಕಾಲು ಅಂತ ಗೊತ್ತಿಲ್ವೇನೇ?” ಎಂದು ಗದರಿದೆ.

“ನಾಲ್ಕನೇದು ಬರೆಯೋಷ್ಟರಲ್ಲಿ ಇಳ್ದೇ ಬಿಡ್ತು, ಮಿಸ್.” ಆಮೇಲೆ ನನ್ನ ನವಿಲನ್ನು ನೋಡಿದಳು. “ನಿಮ್ದು ತುಂಬಾ ಚೆನ್ನಾಗೈತೆ. ಅದ್ಕೇ ಯಾರ್ದೋ ದೃಷ್ಟಿ ಆಗೈತೆ.”

ಕಪ್ಪು ಬಣ್ಣದಲ್ಲಿ ಬೆರಳದ್ದಿ ನವಿಲಿನ ಕೆನ್ನೆಗೆ ಬೊಟ್ಟಿಟ್ಟಳು. ನವಿಲು ಮೈಕೊಡವಿ ಇಳಿಯಿತು. ನಾನು ಕೈಚಾಚಿದೆ. ಅದು ನನ್ನನ್ನು ದಾಟಿ, ಕುಂಟುನಾಯಿಯ ಜೊತೆಗೂಡಿ ಅವಳ ಹಿಂದೆ ಹೊರಟಿತು.