ನಾಲ್ಕು ಗಂಟೆಯ ನೀರು

ಮಳೆನೀರಿನ ಮೋರಿಗೆ ಯಾರಾದರೂ ಕೊಳೆ ಬಿಟ್ಟರೆ ಹಿಡಿದುಕೊಡಲೆಂದು ಜಾಲರಿಯ ಕೆಳಗೇ ನಗರಸಭೆಯ ಇಂಜಿನಿಯರ್ ತಿಪ್ಪೇಸ್ವಾಮಿ ಒಂದು ಸೆನ್ಸರ್ ಕೂರಿಸಿದ್ದ. ಅದು ದಿನಾ ಸಂಜೆ ನಾಲ್ಕಕ್ಕೆ ಒಂದೇ ದೂರು ಹೇಳುತ್ತಿತ್ತು: ನೀರು ಬಿಸಿ, ನೀರು ಬಗ್ಗಡ. ಯಾವುದೋ ಕಾರ್ಖಾನೆಯವನ ಕಳ್ಳಾಟ, ಇವತ್ತು ಅವನ ಗ್ರಹಚಾರ ಬಿಡಿಸುತ್ತೇನೆ ಎಂದುಕೊಂಡು ನೋಟಿಸು ಹಿಡಿದು ಬಂದು ಮರದ ಮರೆಯಲ್ಲಿ ಕಾದು ನಿಂತ.

ನಾಲ್ಕಕ್ಕೆ ಎದುರು ಮನೆಯ ಹೆಂಗಸು ಬಿಸಿ ಲೋಟವನ್ನು ಸೆರಗಿನಲ್ಲಿ ಹಿಡಿದು ಬಂದಳು. ಕುಕ್ಕರಗಾಲಿನಲ್ಲಿ ಕೂತು ಜಾಲರಿಯೊಳಕ್ಕೆ ನಿಧಾನವಾಗಿ ಹಾಲು ಸುರಿದಳು. ಹಬೆ ಎದ್ದಿತು.

"ಏನಮ್ಮಾ ಇದು?"

"ಹೋದ ಮಳೆಗಾಲದಲ್ಲಿ ನನ್ನ ಮಗ ಇಲ್ಲೇ ಬಿದ್ದು ಕೊಚ್ಕೊಂಡು ಹೋದ ಸಾರ್. ಆಗ ಈ ಜಾಲರಿ ಇರ್ಲಿಲ್ಲ. ಇನ್ನೂ ಸಿಕ್ಕಿಲ್ಲ ಅವನು."

ತಿಪ್ಪೇಸ್ವಾಮಿ ನೋಟಿಸನ್ನು ಜೇಬಿಗೆ ತುರುಕಿದ. ಮಣ್ಣು ಮಾಡಿದ ಮೂರನೆಯ ದಿನ ತನ್ನ ಅಪ್ಪನ ಗುಂಡಿಯ ಮೇಲೆ ತಾನು ಬಿಟ್ಟ ಹಾಲು-ತುಪ್ಪ ಅವನಿಗೆ ನೆನಪಾಯಿತು.

"ಹಾಲು-ತುಪ್ಪ ಒಂದೇ ಸಲ ಬಿಡೋದಮ್ಮಾ. ಹೀಗೆ ದಿನಾ ಬಿಡಬಾರದು."

ಅವಳು ದುರುಗುಟ್ಟಿ ನೋಡಿದಳು.

"ಬಿಡ್ತು ಅನ್ನಿ! ಹಾಲು-ತುಪ್ಪ ಬಿಡೋದು ಸತ್ತೋರಿಗೆ. ಇದು ಅವನು ಸ್ಕೂಲಿಂದ ಬರೋ ಹೊತ್ತು. ಹಾಲು ಆರಿದ್ರೆ ಕುಡಿಯಲ್ಲ."