ಒಂದ್ಸಲ ಬ್ಯಾಡ ಹೇಳವು

ತೊಡೆದೇವಿನ ಪೊಟ್ಟಣ ಬಿಚ್ಚಿದಾಗ ತುಪ್ಪ, ಕಬ್ಬಿನ ಹಾಲಿನ ಪರಿಮಳ ಬಂದರೆ ನನಗೆ ಇವತ್ತಿಗೂ ಬಾಯಲ್ಲಿ ನೀರೂರುವ ಮೊದಲು ಸಿಟ್ಟು ಬರುತ್ತದೆ.

ಆಗ ನನಗೆ ಒಂಬತ್ತು ವರ್ಷ. ಸಿದ್ದಾಪುರದ ಸೋದರತ್ತೆ ತನ್ನ ಮನೆಯಲ್ಲಿ, ಮುಟ್ಟಿದರೆ ಮುರಿಯುವ ಆ ತೆಳ್ಳಗಿನ ಸಿಹಿಯ ತಟ್ಟೆಯನ್ನು ನನ್ನ ಮುಂದೆ ಹಿಡಿದಳು. ನಾನು ತಕ್ಷಣ ಕೈ ಚಾಚಿದೆ. ನೆಂಟರೆದುರೇ ಅವಳು ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು.

“ಕೊಟ್ಟ ಕೂಡ್ಲೇ ತಗಂಬ್ಲಾಗ ಕೂಸೆ, ಒಂದ್ಸಲ ಬ್ಯಾಡ ಹೇಳವು. ನಿನ್ನ ಆಯಿ ಇಷ್ಟೂ ಕಲ್ಸಿದ್ದಿಲ್ಯಾ?”

ಕೊಟ್ಟ ಕೂಡಲೇ ತೆಗೆದುಕೊಳ್ಳಬಾರದಂತೆ, ಮೊದಲು ಒಂದು ಸಲ ಬೇಡ ಅನ್ನಬೇಕಂತೆ. ಎಲ್ಲರೂ ನಕ್ಕರು. ಪಕ್ಕದಲ್ಲಿದ್ದ ಆಯಿ, ನನ್ನ ಅಮ್ಮ, ತಲೆ ತಗ್ಗಿಸಿ ಸೆರಗಿನ ಅಂಚು ಉಜ್ಜುತ್ತಿದ್ದಳು.

ಮುಂದಿನ ತಿಂಗಳು ಅತ್ತೆ ಯಲ್ಲಾಪುರದ ನಮ್ಮ ಮನೆಗೆ ಬಂದಳು. ಆಯಿ ಬೆಳಗಿನಿಂದ ಒಲೆ ಮುಂದೆ ಕೂತು ತೊಡೆದೇವು ಮಾಡಿದ್ದಳು. ಜಗಲಿಯಲ್ಲಿ ಕೂತಿದ್ದ ಅತ್ತೆಯ ಮುಂದೆ ತಟ್ಟೆ ಒಯ್ದವಳು ನಾನು.

“ಅತ್ತೆ, ತೊಡೆದೇವು ಬೇಕಾ?”

“ಬ್ಯಾಡ ಕೂಸೆ,” ಎಂದು ಅತ್ತೆ ನಕ್ಕಳು. ನಾನು ಒತ್ತಾಯ ಮಾಡುತ್ತೇನೆಂದು ಕೈಯನ್ನು ಆಗಲೇ ಅರ್ಧ ಎತ್ತಿದ್ದಳು. ನಾನು ಬೆನ್ನು ತಿರುಗಿಸಿ ತಟ್ಟೆಯನ್ನು ಅಡುಗೆಮನೆಗೆ ತಂದೆ.

“ಅತ್ತೆ ಬ್ಯಾಡ ಅಂತು,” ಎಂದು ಜೋರಾಗಿ ಹೇಳಿದೆ.

ಆಯಿ ಬೈಯಲಿಲ್ಲ. ನೆಂಟರಿಗಿಂತ ಮೊದಲು ಏನನ್ನೂ ಬಾಯಿಗಿಡದ ಅವಳು ಒಂದು ತೊಡೆದೇವು ತೆಗೆದು ಕರಕರ ಕಡಿದಳು. ಆ ಸದ್ದು ಜಗಲಿಗೆ ಕೇಳಿರಲಿ ಎಂದು ನನಗೆ ಈಗಲೂ ಆಸೆ.