ಅಜ್ಜಿ ಬ್ಯಾಡವೆಂದ ಅಧ್ಯಾಯ

ಹಳೆಯ ಬೈಬಲ್ ತೆರೆದರೆ ಇಂದಿಗೂ ಒಣಗಿದ ಬೇವಿನೆಲೆಯ ವಾಸನೆ ಬರುತ್ತದೆ, ಆ ಮಧ್ಯಾಹ್ನ ನೆನಪಾಗುತ್ತದೆ.

ಊಟಕ್ಕೆ ಮೊದಲು ಅಜ್ಜಿಗೆ ದಿನಕ್ಕೊಂದು ಅಧ್ಯಾಯ ಓದಿ ಹೇಳುವುದು ನನ್ನ ಕೆಲಸ. ಒಂದನ್ನೂ ಬಿಡುವಂತಿರಲಿಲ್ಲ. ಹಿಂದಿನ ಸಂಜೆ ಬೈಕಿನಲ್ಲಿ ತಾಂಬಾ ಊರಿಗೆ ಹೋದ ಅಪ್ಪ ಇನ್ನೂ ಬಂದಿರಲಿಲ್ಲ, ಫೋನೂ ಹತ್ತುತ್ತಿರಲಿಲ್ಲ. ಅಂದಿನ ಅಧ್ಯಾಯದಲ್ಲಿ, ಪರದೇಶಕ್ಕೆ ಹೋದ ಹೆಣ್ಣೊಬ್ಬಳ ಗಂಡ ಸಾಯುತ್ತಾನೆ.

"ಇದು ಬ್ಯಾಡವ್ವ, ಮುಂದಿಂದು ಓದು," ಎಂದಳು ಅಜ್ಜಿ.

"ಒಂದೂ ಬಿಡಬ್ಯಾಡ ಅಂದಾಕಿ ನೀನ ಅಲ್ಲೇನಬೇ?" ನಾನು ನಕ್ಕೆ.

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. "ಓದ್ಲಿ ಬಿಡ್ರಿ, ಅತ್ತಿ."

ಓದತೊಡಗಿದೆ. ಅಂಗಳದಲ್ಲಿ ಬೈಕೊಂದು ಬಂದು ನಿಂತಿತು. ಅದು ಅಪ್ಪನ ಬೈಕಿನ ಸದ್ದಾಗಿರಲಿಲ್ಲ. "ಅಕ್ಕಾರ..." ಯಾರೋ ಮೆಲ್ಲಗೆ ಕರೆದರು.

ಅವ್ವ ಏಳಲಿಲ್ಲ. "ನೀ ನಿಲ್ಲಿಸಬ್ಯಾಡ," ಎಂದಳು ನನಗೆ. "ಪೂರಾ ಓದು."